ತುಮಕೂರಿನ ಹಳೇ ಕಾಸಿನ ಅಂಗಡಿ: ಸೋವಿಯತ್ ಕೋಪೆಕ್, ರೂಬಲ್ ಹುಡುಕೋರಿಗೆ ಒಂದು ರಿವ್ಯೂ

ಸೋವಿಯತ್ ಕಾಲದ ನಾಣ್ಯ, ಅದಕ್ಕೂ ಹಿಂದಿನ ಜಾರ್ ದೊರೆಗಳ ಕಾಲದ ರಷ್ಯಾ ನಾಣ್ಯ ಕೂಡಿಡೋರು ನಮ್ ಜಿಲ್ಲೇಲಿ ಜಾಸ್ತಿ ಜನ ಇಲ್ಲ ಅಂತ ಗೊತ್ತು, ಆದ್ರೂ ಅಲ್ಲೊಬ್ರು ಇಲ್ಲೊಬ್ರು ಇದ್ದೀರ, ಅವರಿಗೋಸ್ಕರಾನೇ ಇದನ್ನ ಬರೀತಾ ಇದ್ದೀನಿ. ತುಮಕೂರಲ್ಲಿ ಚಿಕ್ಕಪೇಟೆ ಕಡೆ ಒಂದು ಸಣ್ಣ ರಸ್ತೇಲಿ ಹಳೇ ನಾಣ್ಯ, ಸ್ಟಾಂಪು, ಹಳೇ ನೋಟು ಮಾರೋ ಅಂಗಡಿ ಇದೆ. ಬೋರ್ಡ್ ಚಿಕ್ಕದು, ಪಕ್ಕದಲ್ಲೇ ದೊಡ್ಡ ಪಾತ್ರೆ ಅಂಗಡಿ ಇರೋದ್ರಿಂದ ಗಮನಿಸದೆ ದಾಟಿ ಹೋಗೋ ಚಾನ್ಸ್ ಇದೆ. ಹೆಸರು, ಫೋನ್ ನಂಬರ್ ಎಲ್ಲೂ ಹಾಕ್ಬೇಡಿ ಅಂತ ಯಜಮಾನ್ರು ಕೇಳ್ಕೊಂಡಿದ್ದಾರೆ, ಹಂಗಾಗಿ ಹಾಕಲ್ಲ, ಆ ಕಡೆ ಹೋಗಿ ಹಳೇ ಕಾಸಿನ ಅಂಗಡಿ ಎಲ್ಲಿ ಅಂತ ಕೇಳಿದ್ರೆ ಯಾರಾದ್ರೂ ಕೈ ತೋರಿಸ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ರಷ್ಯಾ ನಾಣ್ಯ ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇ ಜಾಗ ನಮ್ ಸುತ್ತಮುತ್ತ ನಾನಂತೂ ನೋಡಿಲ್ಲ. ಸ್ಟಾಕ್ ಭಾರಿ ಇದೆ ಅಂತಲ್ಲ, ಸ್ಟಾಕ್ ಮಧ್ಯಮ ಅಷ್ಟೇ, ಬೆಂಗಳೂರಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತೆ. ಆದ್ರೆ ಇಲ್ಲಿ ಕೌಂಟರ್ ಮೇಲೆ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೆನ್ಸು, ಒಂದು ಮ್ಯಾಗ್ನೆಟ್ಟು ಯಾವಾಗ್ಲೂ ಇಟ್ಟಿರ್ತಾರೆ, ಗಿರಾಕಿನೇ ಎತ್ಕೊಂಡು ತೂಗಬಹುದು, ತಿರುಗಿಸಿ ನೋಡಬಹುದು, ಅಂಚು ಓದಬಹುದು, ಯಾರೂ ಬೇಗ ಬೇಗ ಅನ್ನಲ್ಲ. ಸೋವಿಯತ್ ನಾಣ್ಯದ ವಿಷಯದಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಅಂತ ಮುಂದೆ ಹೇಳ್ತೀನಿ, ಯಾಕಂದ್ರೆ ಪ್ರಪಂಚದಲ್ಲಿ ಬೇರೆ ನಾಣ್ಯಕ್ಕೆ ಪುಸ್ತಕ, ಎಕ್ಸ್‌ಪರ್ಟು ಅಂತ ಬೇಕಾಗಬಹುದು, ಈ ಕೋಪೆಕ್‌ಗಳನ್ನ (ನಮ್ ಪೈಸೆ ಹಂಗೆ, ರೂಬಲ್‌ನ ನೂರನೇ ಒಂದು ಭಾಗ) ಮಾತ್ರ ನಾವು ನಾವೇ ಪರೀಕ್ಷೆ ಮಾಡ್ಕೊಂಡು ಧೈರ್ಯವಾಗಿ ತಗೋಬಹುದು.

ಅಂಗಡಿ ಒಳಗೆ ಮುಂದಿನ ಗಾಜಿನ ಪೆಟ್ಟಿಗೇಲಿ ನಮ್ ಕಡೆ ಜನ ಕೇಳೋ ಮಾಲು ಇರುತ್ತೆ, ಮೈಸೂರು ಕಾಸು, ಟಿಪ್ಪು ಕಾಲದ ಆನೆ ಇರೋ ತಾಮ್ರದ ದುಡ್ಡು, ಬ್ರಿಟಿಷರ ಕಾಲದ ಕಾಲಾಣೆ, ತೂತಿನ ಕಾಸು, ಜಾರ್ಜ್ ರಾಜನ ಬೆಳ್ಳಿ ರೂಪಾಯಿ. ವಿದೇಶದ್ದೆಲ್ಲ ಒಳಗಡೆ ಮರದ ಡ್ರಾಯರ್‌ಗಳಲ್ಲಿ. ರಷ್ಯಾ ಅಂತ ಕೇಳಿದ್ರೆ ಯಜಮಾನ್ರ ಮಗಳು ಮೂರು ಟ್ರೇ ತಂದು ಮುಂದೆ ಇಡ್ತಾರೆ. ಒಂದರಲ್ಲಿ ಸಣ್ಣ ಕೋಪೆಕ್, ಇನ್ನೊಂದರಲ್ಲಿ ದೊಡ್ಡ ರೂಬಲ್, ಮೂರನೇದರಲ್ಲಿ ಬೆಳ್ಳಿ ಮತ್ತೆ ಜಾರ್ ಕಾಲದ್ದು. ಮೂರನೇದನ್ನ ಮಾತ್ರ ಯಜಮಾನ್ರು ಇರುವಾಗಲೇ ತೆಗೀತಾರೆ, ಅದು ಸರಿಯಾದ ಪದ್ಧತೀನೇ.

ಮೊದಲು ಸಣ್ಣ ಕೋಪೆಕ್ ಟ್ರೇ ಬಗ್ಗೆ. 1961ರ ನಂತರದ 1, 2, 3, 5 ಕೋಪೆಕ್ ಹಿತ್ತಾಳೆ ನಾಣ್ಯಗಳು ರಾಶಿ ರಾಶಿ ಇವೆ, ಯಾವುದು ಎತ್ಕೊಂಡ್ರೂ ಒಂದಕ್ಕೆ 20 ರೂಪಾಯಿ. ಇವುಗಳ ಮೇಲೆ ನಂಗೆ ಇರೋ ಪ್ರೀತಿಗೆ ಕಾರಣ ತೂಕ. 1 ಕೋಪೆಕ್ ಅಂದ್ರೆ 1 ಗ್ರಾಂ, 2 ಕೋಪೆಕ್ 2 ಗ್ರಾಂ, 3 ಕೋಪೆಕ್ 3 ಗ್ರಾಂ, 5 ಕೋಪೆಕ್ 5 ಗ್ರಾಂ, ಎಷ್ಟು ಬೆಲೆನೋ ಅಷ್ಟೇ ತೂಕ, ಅಳತೆಕಲ್ಲು ಇಲ್ದೇ ಇದ್ರೆ ಇದನ್ನೇ ಇಟ್ಟು ತೂಗಬಹುದು. ಈ ಲೆಕ್ಕ 1961ರಲ್ಲಿ ಬಂದಿದ್ದಲ್ಲ, 1926ರಿಂದ್ಲೇ ಇದೆ, ಆಗ ಲೋಹ ಅಲ್ಯೂಮಿನಿಯಂ ಬೆರೆಸಿದ ಕಂಚು, ಆಮೇಲೆ ಹಿತ್ತಾಳೆ ಆಯ್ತು, ತೂಕ ಮಾತ್ರ ಹಂಗೇ ಉಳೀತು. ಅಂಗಡಿ ತಕ್ಕಡಿ ಗ್ರಾಮಿನ ನೂರನೇ ಭಾಗದವರೆಗೂ ತೋರಿಸುತ್ತೆ, ನಾನು 5 ಕೋಪೆಕ್ ಒಂದೊಂದಾಗಿ ಇಟ್ಟು ನೋಡಿದೆ, 4.9, 5.0, 5.1 ಹಿಂಗೇ ಬರುತ್ತೆ, ಸವೆದಿರೋದು ಸ್ವಲ್ಪ ಕಮ್ಮಿ ಬರುತ್ತೆ ಅಷ್ಟೇ. ಹೈಸ್ಕೂಲ್ ಮಕ್ಕಳಿಗೆ ನಾಣ್ಯದ ಹುಚ್ಚು ಹಿಡಿಸ್ಬೇಕು ಅಂದ್ರೆ ಇದರಿಂದ ಶುರು ಮಾಡಿಸಿ, ನೂರು ರೂಪಾಯಿಗೆ ನಾಲ್ಕು ಬೆಲೆಯ ಸೆಟ್ಟು ಬಂದು ಇನ್ನೂ 20 ರೂಪಾಯಿ ಉಳಿಯುತ್ತೆ.

ಈ ತೂಕದ ಲೆಕ್ಕಕ್ಕೆ ಸೇರದೇ ಇರೋದು 1924ರ ತಾಮ್ರದ ನಾಣ್ಯಗಳು. ಸೋವಿಯತ್ ಸರ್ಕಾರ ಆಗ ತಾನೇ ಹಣದ ವ್ಯವಸ್ಥೆ ಸರಿ ಮಾಡ್ತಾ ಇತ್ತು, ತಾಮ್ರದ ಕಾಸಿಗೆ ಜಾರ್ ಕಾಲದ ಹಳೇ ತೂಕವನ್ನೇ ಇಟ್ಕೊಂಡಿದ್ರು, ಹಂಗಾಗಿ 1924ರ 5 ಕೋಪೆಕ್ 16 ಗ್ರಾಮಿಗಿಂತ ಸ್ವಲ್ಪ ಜಾಸ್ತಿನೇ ಬರುತ್ತೆ. ನಮ್ ಈಗಿನ ಎರಡು ಲೋಹದ 10 ರೂಪಾಯಿ ನಾಣ್ಯ ಎರಡು ಸೇರಿಸಿ ಇಟ್ರೂ ಅಷ್ಟು ಬರಲ್ಲ. ಸಣ್ಣ ಬೆಲೆಗೆ ಅಷ್ಟೊಂದು ತಾಮ್ರ ಸುರಿಯೋಕೆ ಯಾರಿಗೆ ಆಗುತ್ತೆ, ಎರಡೇ ವರ್ಷದಲ್ಲಿ ಹಗುರ ಮಾಡಿದ್ರು. ಒಂದೇ ಸರ್ಕಾರದ, ಒಂದೇ ಬೆಲೆಯ, ಎರಡು ವರ್ಷ ಅಂತರದ ಎರಡು ನಾಣ್ಯ, 1924ರದ್ದು ಒಂದು 1926ರದ್ದು ಒಂದು, ಅಂಗೈ ಮೇಲೆ ಅಕ್ಕಪಕ್ಕ ಇಟ್ಕೊಂಡು ನೋಡಿ, ಆ ದೇಶದ ಆಗಿನ ಕಷ್ಟ ಕೈಗೇ ಗೊತ್ತಾಗುತ್ತೆ. ಈ ಅಂಗಡೀಲಿ 1924ರ 5 ಕೋಪೆಕ್‌ಗೆ 600 ಹೇಳ್ತಾರೆ, ನಂಗೆ ನ್ಯಾಯ ಅನ್ನಿಸ್ತು, ಚೌಕಾಸಿ ಮಾಡ್ಲಿಲ್ಲ. ಅರ್ಧ ಕೋಪೆಕ್ ಅಂತಾನೂ ಒಂದು ತಾಮ್ರದ ಸಣ್ಣ ನಾಣ್ಯ 1925, 1927, 1928ರಲ್ಲಿ ಬಂದಿತ್ತು, ಅದು ಇಲ್ಲಿ ಇಲ್ಲ, ಕೇಳಿ ಇಟ್ಟಿದ್ದೀನಿ.

ಲೆನ್ಸ್ ಕೊಟ್ಟಿರೋದು ಯಾಕೆ ಉಪಯೋಗ ಅಂದ್ರೆ ರಿಬ್ಬನ್ ಎಣಿಸೋಕೆ. ಸೋವಿಯತ್ ನಾಣ್ಯದ ಹಿಂದೆ ಲಾಂಛನ ಇರುತ್ತಲ್ಲ, ಗ್ಲೋಬ್ ಮೇಲೆ ಸುತ್ತಿಗೆ ಕುಡುಗೋಲು, ಎರಡೂ ಕಡೆ ಗೋಧಿ ತೆನೆ, ಆ ತೆನೆಗೆ ರಿಬ್ಬನ್ ಸುತ್ತಿರ್ತಾರೆ. ಆ ಸುತ್ತು ಎಷ್ಟು ಅಂತ ಎಣಿಸಿದ್ರೆ ಒಕ್ಕೂಟದ ಕಥೆನೇ ಸಿಗುತ್ತೆ. 1936ರ ತನಕ 7, 1937ರಿಂದ 1946ರ ತನಕ 11, 1948ರಿಂದ 1956ರ ತನಕ 16, 1957ರಿಂದ 15. 1936ರ ಸಂವಿಧಾನದಲ್ಲಿ 11 ಗಣರಾಜ್ಯ ಆಯ್ತು, ಅದಕ್ಕೇ 11 ಸುತ್ತು, ಆಮೇಲೆ ಬಾಲ್ಟಿಕ್ ದೇಶಗಳು, ಮೊಲ್ಡಾವಿಯಾ ಎಲ್ಲ ಸೇರಿ 16 ಆಯ್ತು, 1956ರಲ್ಲಿ ಕರೇಲೋ ಫಿನ್ನಿಶ್ ಗಣರಾಜ್ಯವನ್ನ ರಷ್ಯಾ ಒಳಗೇ ಸೇರಿಸಿದ್ರಿಂದ ಒಂದು ಕಮ್ಮಿಯಾಗಿ 15ಕ್ಕೆ ನಿಂತ್ಕೊಳ್ತು. ಎಣಿಸೋದು ಸುಲಭ, 15 ಅಂದ್ರೆ ಎಡಕ್ಕೆ 7, ಬಲಕ್ಕೆ 7, ಕೆಳಗೆ ಗಂಟಿನ ಹತ್ರ ಒಂದು. 1956ರ ಒಂದು 3 ಕೋಪೆಕ್, 1957ರ ಒಂದು 3 ಕೋಪೆಕ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಬರಿಗಣ್ಣಿಗೆ ಎರಡೂ ಒಂದೇ, ಲೆನ್ಸ್ ಇಟ್ರೆ ಒಂದು ಗಣರಾಜ್ಯವೇ ಮಾಯ. ನಾನು ಒಂದು ಮಧ್ಯಾಹ್ನ ಪೂರ್ತಿ ಇದನ್ನೇ ಮಾಡ್ತಾ ಕೂತಿದ್ದೆ, ಮಗಳು ಟೀ ತರಿಸಿಕೊಟ್ರು, ಅಷ್ಟು ಹೊತ್ತು ಕೂತು ಕೊನೆಗೆ ತಗೊಂಡಿದ್ದು ಸಣ್ಣ ಪುಟ್ಟದ್ದೇ, ಆದ್ರೂ ಮುಖ ಗಂಟು ಹಾಕ್ಲಿಲ್ಲ. ಇದನ್ನ ಯಾವ ಆನ್‌ಲೈನ್ ಅಂಗಡೀಲೂ ಮಾಡೋಕಾಗಲ್ಲ.

ಸಣ್ಣ ಟ್ರೇಲಿ ಹಳೇ 1, 2, 3 ಕೋಪೆಕ್ ತುಂಬಾ ಸವೆದಿರೋದು, 10, 15, 20 ಕೋಪೆಕ್ ಅಷ್ಟು ಸವೆಯದೇ ಇರೋದು ಗಮನಿಸಿದೆ. ಇದಕ್ಕೆ ನಂಗನ್ಸೋ ಕಾರಣ 1961ರ ಜನವರಿ 1ರ ಹಣ ಬದಲಾವಣೆ. ಆಗ ಹಳೇ 10 ರೂಬಲ್ ಕೊಟ್ರೆ ಹೊಸ 1 ರೂಬಲ್ ಅಂತ ಮಾಡಿದ್ರು, ಆದ್ರೆ ಹಳೇ 1, 2, 3 ಕೋಪೆಕ್‌ಗಳನ್ನ ಮಾತ್ರ ವಾಪಸ್ ತಗೊಳ್ಳದೆ ಅದೇ ಬೆಲೆಗೆ ಚಲಾವಣೇಲೇ ಬಿಟ್ರು. ಅಂದ್ರೆ 1930ರ ದಶಕದ ಒಂದು 3 ಕೋಪೆಕ್ ರಾತ್ರೋರಾತ್ರಿ ಹತ್ತು ಪಟ್ಟು ಬೆಲೆಯದ್ದಾಗಿ, ಆಮೇಲೂ ವರ್ಷಗಟ್ಟಲೆ ಜನರ ಜೇಬಲ್ಲಿ ಓಡಾಡ್ತು. ಮನೇಲಿ ಚಿಲ್ಲರೆ ಡಬ್ಬ ತುಂಬಿಸಿಟ್ಟಿದ್ದ ಮುದುಕಿಯರಿಗೆ ಎಷ್ಟು ಖುಷಿ ಆಗಿರ್ಬೇಡ. 5 ಕೋಪೆಕ್‌ನಿಂದ ಮೇಲಿನದ್ದು ಹಂಗಲ್ಲ, ಬದಲಾಯಿಸ್ಲೇಬೇಕಿತ್ತು. ಇದನ್ನ ಯಜಮಾನ್ರಿಗೆ ಹೇಳಿದಾಗ ಅವರು ನಮ್ಮ ಕಡೆ 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ಸಂತೇಲಿ ಆದ ಗಲಾಟೆ ಬಗ್ಗೆ ಅವರಪ್ಪ ಹೇಳ್ತಾ ಇದ್ದಿದ್ದನ್ನೆಲ್ಲ ಹೇಳಿದ್ರು, ಆಣೆಗೆ 6 ಪೈಸೆನೋ 6 ಕಾಲು ಪೈಸೆನೋ ಅಂತ ತರಕಾರಿಯವರ ಹತ್ರ ದಿನಾ ಜಗಳ ಅಂತೆ.

ಎರಡನೇ ಟ್ರೇ ರೂಬಲ್‌ಗಳದ್ದು, ನೋಡೋಕೆ ಇದೇ ಚೆಂದ, ಹೊಸಬರು ಮೊದಲು ಕೈ ಹಾಕೋದೂ ಇದಕ್ಕೇ. 1965ರಲ್ಲಿ ಯುದ್ಧ ಗೆದ್ದು 20 ವರ್ಷ ಆಗಿದ್ದಕ್ಕೆ ಮೊದಲ ಸ್ಮಾರಕ ರೂಬಲ್ ಬಂತು, ಮಗು ಎತ್ಕೊಂಡು ಕತ್ತಿ ಹಿಡಿದು ನಿಂತಿರೋ ಸೈನಿಕ, ಬರ್ಲಿನ್‌ನ ಟ್ರೆಪ್ಟೋ ಪಾರ್ಕಿನ ಪ್ರತಿಮೆ ಅದು. 1967ರಲ್ಲಿ ಕ್ರಾಂತಿಯ 50 ವರ್ಷಕ್ಕೆ ಒಂದು ಸೆಟ್ಟೇ ಮಾಡಿದ್ರು, ಅದರಲ್ಲಿ 20 ಕೋಪೆಕ್ ಮೇಲೆ ಆ ಕ್ರಾಂತಿಗೆ ಹೆಸರಾದ ಅವ್ರೋರಾ ಅನ್ನೋ ಯುದ್ಧದ ಹಡಗು ಇದೆ, ಇಷ್ಟು ಚಿಕ್ಕ ನಾಣ್ಯದ ಮೇಲೆ ಅಷ್ಟು ಚೆನ್ನಾಗಿ ಹಡಗು ಕೆತ್ತಿರೋದು ನಾನು ಬೇರೆ ಎಲ್ಲೂ ನೋಡಿಲ್ಲ, ಸಿಕ್ರೆ ಬಿಡ್ಬೇಡಿ. 1970ರಲ್ಲಿ ಲೆನಿನ್ ನೂರು ವರ್ಷದ ರೂಬಲ್. ಆಮೇಲೆ 1980ರ ಮಾಸ್ಕೋ ಒಲಿಂಪಿಕ್ಸ್‌ಗೆ 1977ರಿಂದ್ಲೇ ಆರು ರೂಬಲ್. 1981ರಲ್ಲಿ ಗಗಾರಿನ್, 1983ರಲ್ಲಿ ವ್ಯಾಲೆಂಟಿನಾ ತೆರೆಶ್ಕೋವಾ, 1984ರಲ್ಲಿ ಮೆಂಡಲೀವ್, ಪುಷ್ಕಿನ್, 1988ರಲ್ಲಿ ಗೋರ್ಕಿ, ಟಾಲ್‌ಸ್ಟಾಯ್, 1990ರಲ್ಲಿ ಚೆಕಾವ್, ಚೈಕೋವ್‌ಸ್ಕಿ. ಹಳೇ ಕಾಲದಲ್ಲಿ ನವಕರ್ನಾಟಕದ ಅಂಗಡೀಲಿ ಅಗ್ಗಕ್ಕೆ ಸಿಗ್ತಿದ್ದ ಸೋವಿಯತ್ ಪುಸ್ತಕ ಓದಿ ಬೆಳೆದೋರಿಗೆ ಈ ಟ್ರೇ ನೋಡಿದ್ರೆ ಮನಸ್ಸು ತುಂಬಿ ಬರುತ್ತೆ, ಲೇಖಕರಿಗೆ, ವಿಜ್ಞಾನಿಗಳಿಗೆ ಇಷ್ಟೊಂದು ನಾಣ್ಯ ಹೊಡೆಸಿದ ದೇಶ ಇನ್ನೊಂದಿದ್ಯೋ ಇಲ್ವೋ.

ಬೆಲೆ ವಿಷಯದಲ್ಲಿ ನನ್ನದೊಂದು ತಕರಾರಿದೆ. ಈ ಟ್ರೇಲಿ ಎಲ್ಲ ರೂಬಲ್‌ಗೂ ಒಂದೇ ರೇಟು, 250. ಗಗಾರಿನ್‌ಗೂ ಅಷ್ಟೇ ಲೆನಿನ್‌ಗೂ ಅಷ್ಟೇ. 1970ರ ಲೆನಿನ್ ರೂಬಲ್ 10 ಕೋಟಿ ಹೊಡೆದಿದ್ರು, ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಸಿಗುತ್ತೆ, ಅದನ್ನ ಚೆಕಾವ್ ಜೊತೆ ಒಂದೇ ಬೆಲೆಗೆ ಇಡೋದು ಸರಿಯಲ್ಲ. ಇದನ್ನ ಹೇಳಿದ್ದಕ್ಕೆ ಯಜಮಾನ್ರು, "ನೀವು ಹೇಳೋದು ಸರಿ ಸ್ವಾಮಿ, ಆದ್ರೆ ಇಲ್ಲಿ ಬರೋರು ಲೆನಿನ್ನೇ ಕೇಳೋದು, ಬಾಕಿಯವರ ಮುಖ ಗೊತ್ತಿಲ್ಲ" ಅಂದ್ರು. ಅಂದ್ರೂ ನಂಗೆ 150ಕ್ಕೆ ಕೊಟ್ರು. ನೀವೂ ಕೇಳಿ, ಕೊಡ್ತಾರೆ. ಅದೇ ರೀತಿ ಎಲ್ಲದಕ್ಕೂ ಒಂದೇ ರೇಟು ಅನ್ನೋದು ತಿಳಿದೋರಿಗೆ ಲಾಭಾನೂ ಹೌದು. 1978ರ ಕ್ರೆಮ್ಲಿನ್ ಚಿತ್ರ ಇರೋ ಒಲಿಂಪಿಕ್ಸ್ ರೂಬಲ್ ಕೆಲವದ್ರಲ್ಲಿ ಗೋಪುರದ ಗಡಿಯಾರದಲ್ಲಿ 4 ಇರಬೇಕಾದ ಜಾಗದಲ್ಲಿ ರೋಮನ್ 6 ಬಂದಿದೆ, ಅಕ್ಷರ ಹಿಂದು ಮುಂದಾಗಿ ಆದ ತಪ್ಪು ಅದು, ಕಲೆಕ್ಟರ್‌ಗಳು ಅದನ್ನ ಬೇರೆಯಾಗೇ ಹುಡುಕ್ತಾರೆ. ಲೆನ್ಸ್ ತಗೊಂಡು ಎಲ್ಲ ಕ್ರೆಮ್ಲಿನ್ ರೂಬಲ್ ನೋಡಿ, ಅದರಲ್ಲಿ ಬಿದ್ದಿದ್ರೆ ಅದೇ ಬೆಲೆಗೆ ನಿಮ್ದು.

ಇನ್ನೊಂದು ನೋಡ್ಬೇಕಾಗಿರೋದು ಅಂಚು. ಹಿಂದಿನ ವರ್ಷಗಳ ಸ್ಮಾರಕ ರೂಬಲ್‌ಗಳನ್ನ 1988ರಲ್ಲಿ ಕನ್ನಡಿ ಹಂಗೆ ಹೊಳೆಯೋ ಪ್ರೂಫ್ ಕ್ವಾಲಿಟೀಲಿ ಮತ್ತೆ ಹೊಡೆದಿದ್ರು. ಮುಂಭಾಗದಲ್ಲಿ ಹಳೇ ವರ್ಷನೇ ಇರುತ್ತೆ, ಅಂಚಲ್ಲಿ ಮಾತ್ರ 1988 ಅಂತ ಬರೆದು ಪಕ್ಕದಲ್ಲಿ ಇಂಗ್ಲಿಷ್ ಎಚ್ ತರ ಕಾಣೋ ರಷ್ಯನ್ ಅಕ್ಷರ ಇರುತ್ತೆ. ನಕಲಿ ಅಲ್ಲ, ಸರ್ಕಾರನೇ ಮಾಡಿದ್ದು, ಆದ್ರೆ ಗೊತ್ತಿದ್ದು ತಗೋಬೇಕು. ಈ ಅಂಗಡೀಲಿ ಅಂಥದ್ದು ಒಂದು ಗಗಾರಿನ್ ಇತ್ತು, ನಾನು ಕೇಳೋ ಮುಂಚೆನೇ ಯಜಮಾನ್ರು ಅಂಚು ತೋರಿಸಿ ಇದು ಆಮೇಲೆ ಹೊಡೆದಿದ್ದು ಅಂತ ಹೇಳಿದ್ರು. ಇಂಥ ಮಾತಿಗೆ ನಾನು ತಿರುಗಿ ತಿರುಗಿ ಹೋಗೋದು.

ಬೆಳ್ಳಿ ಟ್ರೇ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1924ರ 50 ಕೋಪೆಕ್, ಅಲ್ಲಿ ಅದಕ್ಕೆ ಪೋಲ್ತಿನ್ನಿಕ್ ಅಂತಾರೆ, ಕಮ್ಮಾರ ಅಡಿಗಲ್ಲಿನ ಮುಂದೆ ಸುತ್ತಿಗೆ ಎತ್ತಿರೋ ಚಿತ್ರ, ನಂಗೆ ಕೇಳಿದ್ರೆ ಸೋವಿಯತ್ ನಾಣ್ಯದಲ್ಲೆಲ್ಲ ಇದೇ ಸುಂದರ. ತೂಕ 10 ಗ್ರಾಂ, ಅದರಲ್ಲಿ 9 ಗ್ರಾಂ ಶುದ್ಧ ಬೆಳ್ಳಿ, ಆ 9 ಗ್ರಾಂ ಅನ್ನೋದನ್ನ ಅಂಚಿನ ಮೇಲೇ ಬರೆದಿದ್ದಾರೆ. ಅದೇ ಅಂಚಲ್ಲಿ ಬ್ರಾಕೆಟ್ ಒಳಗೆ ಎರಡು ರಷ್ಯನ್ ಅಕ್ಷರ ಇರುತ್ತೆ. ಪ, ಲ ಇದ್ರೆ ಲೆನಿನ್‌ಗ್ರಾಡ್ ಟಂಕಸಾಲೆ, ಅಧಿಕಾರಿ ಲಾತಿಶೆವ್. ತ, ರ ಇದ್ರೆ ಥಾಮಸ್ ರಾಸ್, ಅಂದ್ರೆ ಅದು ಲಂಡನ್‌ನಲ್ಲಿ ಹೊಡೆಸಿದ್ದು. ಹೌದು, ಕಾರ್ಮಿಕ ರಾಜ್ಯದ ಕಮ್ಮಾರನ ನಾಣ್ಯವನ್ನ ಸ್ವಲ್ಪ ಭಾಗ ಬ್ರಿಟನ್ನಿನಲ್ಲಿ ಹೊಡೆಸಿದ್ರು, ಲೆನಿನ್‌ಗ್ರಾಡ್ ಟಂಕಸಾಲೆ ಒಂದೇ ಅಷ್ಟು ಬೇಗ ಅಷ್ಟು ನಾಣ್ಯ ಪೂರೈಸೋ ಸ್ಥಿತೀಲಿ ಇರ್ಲಿಲ್ಲ. ಈ ಅಂಗಡೀಲಿ ಎರಡೂ ಥರದ್ದು ಇದ್ವು, ಎರಡಕ್ಕೂ ಬೇರೆ ಬೇರೆ ಕವರ್ ಮಾಡಿ ಕನ್ನಡದಲ್ಲಿ ಲಂಡನ್, ಲೆನಿನ್‌ಗ್ರಾಡ್ ಅಂತ ಬರೆದಿಟ್ಟಿದ್ದಾರೆ, ಅದು ಮಗಳ ಅಕ್ಷರ. ಬೆಲೆ ಆವತ್ತಿನ ಬೆಳ್ಳಿ ರೇಟಿನ ಮೇಲೆ ಸ್ವಲ್ಪ ಸೇರಿಸಿ ಹೇಳ್ತಾರೆ, ಹಂಗಾಗಿ ಬೆಳ್ಳಿ ಏರಿದಾಗ ಹೋದ್ರೆ ಜೇಬಿಗೆ ಭಾರ. ಬೆಳ್ಳಿ ಏರಿದಾಗೆಲ್ಲ ಇಂಥ ನಾಣ್ಯಗಳು ಕರಗೋಕೆ ಹೋಗ್ತವೆ ಅನ್ನೋ ಸಂಕಟ ಯಜಮಾನ್ರಿಗೂ ಇದೆ, ಚಿನ್ನ ಬೆಳ್ಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟು, ರಾಜನ ತಲೆಯೋ ವಿದೇಶದ ಅಕ್ಷರವೋ ಇರೋ ನಾಣ್ಯ ಬಂದ್ರೆ ತೂಕದ ಬೆಲೆಗಿಂತ ಜಾಸ್ತಿ ಕೊಟ್ಟು ತಗೋತಾರಂತೆ. ಈ ಪೋಲ್ತಿನ್ನಿಕ್‌ಗಳಲ್ಲಿ ಕೆಲವು ಹಂಗೇ ಉಳಿದಿದ್ದು.

10, 15, 20 ಕೋಪೆಕ್ ವಿಷಯದಲ್ಲಿ ಎಚ್ಚರ ಬೇಕು. 1920ರ ದಶಕದ್ದು ಅರ್ಧ ಬೆಳ್ಳಿ, 1931ರಲ್ಲಿ ನಿಕಲ್ ಮಿಶ್ರಣಕ್ಕೆ ಬದಲಾಯ್ತು, ಆದ್ರೆ ತೂಕ ಹೆಚ್ಚು ಕಮ್ಮಿ ಅದೇ ಇಟ್ರು, 20 ಕೋಪೆಕ್ ಎರಡೂ 3.6 ಗ್ರಾಂ ಹತ್ರನೇ. ಇಲ್ಲಿ ತಕ್ಕಡಿ ಸಹಾಯಕ್ಕೆ ಬರಲ್ಲ, ಚಿತ್ರ ನೋಡ್ಬೇಕು. ಕಾರ್ಮಿಕನೊಬ್ಬ ಗುರಾಣಿ ಹಿಡಿದು ನಿಂತಿದ್ದು, ಗುರಾಣಿ ಮೇಲೆ ಬೆಲೆ ಬರೆದಿದ್ರೆ ಅದು 1931ರಿಂದ 1934ರ ನಿಕಲ್. ಇದೇ ಟ್ರೇಲಿ ಅಂಥ ಎರಡು ಬೆಳ್ಳಿ ಜೊತೆ ಸೇರ್ಕೊಂಡಿದ್ವು, ತೋರಿಸಿದ ತಕ್ಷಣ ತೆಗೆದು ಸಣ್ಣ ಟ್ರೇಗೆ ಹಾಕಿದ್ರು.

ಜಾರ್ ಕಾಲದ್ದು ಅಂದ್ರೆ ಜಾಸ್ತಿ ಇಲ್ಲ. ಎರಡು ತಲೆ ಹದ್ದು ಇರೋ ತಾಮ್ರದ 1, 2, 3 ಕೋಪೆಕ್ ಒಂದಷ್ಟು, ಹದ್ದಿನ ಕೆಳಗೆ ಸೇಂಟ್ ಪೀಟರ್ಸ್‌ಬರ್ಗ್ ಟಂಕಸಾಲೆಯ ಮೂರು ಅಕ್ಷರ. 1914ರಲ್ಲಿ ಜರ್ಮನಿ ಜೊತೆ ಯುದ್ಧ ಶುರುವಾಗಿ ಊರಿನ ಹೆಸರನ್ನೇ ಪೆಟ್ರೋಗ್ರಾಡ್ ಅಂತ ಬದಲಾಯಿಸಿದ್ರಿಂದ 1915, 1916ರ ನಾಣ್ಯದಲ್ಲಿ ಆ ಮೂರು ಅಕ್ಷರ ಇಲ್ಲ. ಇಲ್ಲಿ 1913ರದ್ದು ಒಂದು, 1916ರದ್ದು ಒಂದು ಸಿಕ್ತು, ಜೋಡಿಯಾಗಿ ಇಡೋಕೆ ಅಂತ ಎರಡೂ ತಗೊಂಡೆ. ಕ್ಯಾಥರೀನ್ ರಾಣಿ ಕಾಲದ ತಾಮ್ರದ 5 ಕೋಪೆಕ್ ಒಂದು ಇದೆ, ಸುಮಾರು 51 ಗ್ರಾಂ ತೂಕ, ಎಕಾಟೆರಿನ್‌ಬರ್ಗ್ ಟಂಕಸಾಲೇದು, ಬೆಲೆ ನನ್ನ ಕೈಗೆ ಮೀರಿದ್ದು, ಆದ್ರೂ ಕೈಲಿ ಹಿಡಿಯೋಕೆ ಕೊಟ್ರು. ಅಂಥ ನಾಣ್ಯ ಕೈಲಿ ಹಿಡಿಯೋ ಅವಕಾಶ ಗಾಜಿನ ಹಿಂದೆ ಇಡೋ ಮ್ಯೂಸಿಯಂನಲ್ಲಿ ಎಲ್ಲಿ ಸಿಗುತ್ತೆ ಹೇಳಿ.

ನಿಕೋಲಸ್ ದೊರೆಯ ಬೆಳ್ಳಿ ರೂಬಲ್ ಮಾತ್ರ ಮಾರಲ್ಲ, ಇದು ನಂಗೆ ಬಹಳ ಹಿಡಿಸ್ತು. ಆ ನಾಣ್ಯ 20 ಗ್ರಾಂ ಇರ್ಬೇಕು, 18 ಗ್ರಾಂ ಶುದ್ಧ ಬೆಳ್ಳಿ, ಅಗಲ 33 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಂಚಲ್ಲಿ ಬೆಳ್ಳಿ ತೂಕ ಹಳೇ ರಷ್ಯನ್ ಅಳತೇಲಿ ಬರೆದಿರ್ಬೇಕು. ನಕಲಿ ತುಂಬಾ ಓಡಾಡುತ್ತೆ. ಯಜಮಾನ್ರ ಹತ್ರ ಒಂದಿದೆ, ಕವರ್ ಮೇಲೆ ದಪ್ಪ ಕೆಂಪು ಇಂಕಲ್ಲಿ ನಕಲಿ ಅಂತ ಬರೆದಿದ್ದಾರೆ, ಬಂದೋರಿಗೆ ತೋರಿಸಿ ಪಾಠ ಹೇಳೋಕೆ ಅಂತಾನೇ ಇಟ್ಕೊಂಡಿದ್ದಾರೆ. ತೂಗಿದ್ರೆ 20ಕ್ಕೆ ಸಾಕಷ್ಟು ಕಮ್ಮಿ, ಅಂಚಲ್ಲಿ ಬರೀ ಗೆರೆ, ಮುಖದಲ್ಲಿ ಗಡ್ಡದ ಕೂದಲೇ ಇಲ್ಲ, ಸೋಪಲ್ಲಿ ತಿಕ್ಕಿದ ಹಂಗೆ ನುಣ್ಣಗೆ. ಇದೇ ಥರದ್ದನ್ನ ಆನ್‌ಲೈನಲ್ಲಿ ಒಬ್ಬ ಮಾರಾಟಗಾರ ಅಸಲಿ ಅಂತ ಸಾವಿರಗಟ್ಟಲೆ ಹೇಳ್ತಾ ಇದ್ದ, ಅಂಚಿನ ಫೋಟೋ ಕಳಿಸಿ, ತಕ್ಕಡಿ ಮೇಲೆ ಇಟ್ಟು ಫೋಟೋ ಕಳಿಸಿ ಅಂತ ಕೇಳಿದ್ದಕ್ಕೆ ಉತ್ತರಾನೇ ಇಲ್ಲ. ಅಂಚಿನ ಫೋಟೋ ಕೊಡದೇ ಇರೋರ ಹತ್ರ ಬೆಳ್ಳಿ ರೂಬಲ್ ತಗೋಬೇಡಿ ಅನ್ನೋದು ನನ್ನ ಖಡಕ್ ಸಲಹೆ.

ಇನ್ನು ಸರಿ ಹೋಗ್ಬೇಕಾಗಿರೋ ವಿಷಯ. ಮೊದಲನೇದು ಮತ್ತೆ ದೊಡ್ಡದು, ಪಾಲಿಷ್. ಹಿತ್ತಾಳೆ ಕೋಪೆಕ್‌ಗಳಲ್ಲಿ ಸುಮಾರು ಪಾಲನ್ನ ಉಜ್ಜಿ ಉಜ್ಜಿ ಫಳಫಳ ಮಾಡಿಬಿಟ್ಟಿದ್ದಾರೆ. ಹೊಳೆದ್ರೆ ಮಕ್ಕಳು ತಗೋತಾರೆ ಅನ್ನೋದು ಅವರ ಲೆಕ್ಕ, ವ್ಯಾಪಾರದ ದೃಷ್ಟೀಲಿ ಅರ್ಥ ಆಗುತ್ತೆ, ಆದ್ರೆ ಹಳೇ ನಾಣ್ಯದ ಮೇಲೆ ವರ್ಷಗಳಿಂದ ಕೂತಿರೋ ಕಂದು ಬಣ್ಣನೇ ಅದರ ಬೆಲೆ, ಅದನ್ನ ತೆಗೆದ್ರೆ ಸಣ್ಣ ಸಣ್ಣ ಗೀರು ಬಿದ್ದು ಕಲೆಕ್ಟರ್‌ಗೆ ಅದು ಬೇಡವಾಗುತ್ತೆ, ಮತ್ತೆ ವಾಪಸ್ ತರೋಕೆ ಆಗೋದೇ ಇಲ್ಲ. ಇದನ್ನ ಅವರಿಗೆ ಬಿಡಿಸಿ ಹೇಳಿದ್ದೀನಿ, ಈಗ ಉಜ್ಜದೇ ಇರೋದನ್ನ ಬೇರೆ ಡಬ್ಬೀಲಿ ಇಡ್ತಿದ್ದಾರೆ, ಹೋದಾಗ ಉಜ್ಜದೇ ಇರೋದು ಕೊಡಿ ಅಂತ ಕೇಳಿ. ನೀವೂ ಮನೇಲಿ ಹುಣಸೆಹಣ್ಣು, ನಿಂಬೆಹಣ್ಣು, ಪೇಸ್ಟು ಏನೂ ಹಚ್ಚಬೇಡಿ ದಯವಿಟ್ಟು. ಮಣ್ಣು ಮೆತ್ತಿದ್ರೆ ನೀರಲ್ಲಿ ನೆನೆಸಿ ಮೆತ್ತಗೆ ಒರೆಸಿ, ಅಷ್ಟೇ ಸಾಕು.

ಎರಡನೇದು ಕವರ್. ಕೆಲವು ನಾಣ್ಯ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಲ್ಲಿ ಇವೆ, ಅದರಲ್ಲಿ ಬಹಳ ದಿನ ಇಟ್ರೆ ತಾಮ್ರದ ಮೇಲೆ ಹಸಿರು ಜಿಡ್ಡು ಬರುತ್ತೆ. ಮನೆಗೆ ತಂದ ತಕ್ಷಣ ರಟ್ಟಿನ ಹೋಲ್ಡರ್‌ಗೋ ಒಳ್ಳೇ ಪೇಪರ್ ಕವರ್‌ಗೋ ಬದಲಾಯಿಸಿ. ರಟ್ಟಿನ ಹೋಲ್ಡರ್ ಇದೇ ಅಂಗಡೀಲಿ ಸಿಗುತ್ತೆ, ಬೆಲೇನೂ ಸರಿಯಾಗಿದೆ, ಆದ್ರೆ ಸ್ಟೇಪಲ್ ಪಿನ್ ಹೊಡೆಯೋವಾಗ ಪಿನ್ನಿನ ಕಾಲು ಪೂರ್ತಿ ಮಡಚಿ, ಇಲ್ಲಾಂದ್ರೆ ಪಕ್ಕದ ನಾಣ್ಯಕ್ಕೆ ಗೀರುತ್ತೆ.

ಆಮೇಲೆ ಲೇಬಲ್. ರಷ್ಯನ್ ಥರ ಅಕ್ಷರ ಇರೋದೆಲ್ಲ ರಷ್ಯಾ ಅಂತ ಹಾಕಿಬಿಟ್ಟಿದ್ದಾರೆ. ಸಣ್ಣ ಟ್ರೇಲಿ ಬಲ್ಗೇರಿಯಾದ ಸ್ತೋತಿಂಕಿ, ಮಂಗೋಲಿಯಾದ ಮೊಂಗೊ, ಒಂದೆರಡು ಯುಗೊಸ್ಲಾವಿಯಾ ದಿನಾರ್ ಎಲ್ಲ ಸೇರ್ಕೊಂಡಿವೆ. ಗುರುತು ಹಿಡಿಯೋದು ಕಷ್ಟ ಇಲ್ಲ, ತೆನೆ ಮಧ್ಯೆ ಸಿಂಹ ನಿಂತಿದ್ರೆ ಬಲ್ಗೇರಿಯಾ, ಕುದುರೆ ಸವಾರ ಓಡ್ತಾ ಇದ್ರೆ ಮಂಗೋಲಿಯಾ, ಉರಿಯೋ ಪಂಜು ಇದ್ರೆ ಯುಗೊಸ್ಲಾವಿಯಾ, ಗ್ಲೋಬ್ ಮೇಲೆ ಸುತ್ತಿಗೆ ಕುಡುಗೋಲು ಇದ್ರೆ ಮಾತ್ರ ಸೋವಿಯತ್. ಮೋಸ ಮಾಡೋ ಉದ್ದೇಶ ಖಂಡಿತ ಇಲ್ಲ, ಬೇರೆ ಮಾಡಿ ಇಡೋಕೆ ಅವರಿಗೆ ಟೈಮ್ ಇಲ್ಲ. ಮಗಳಿಗೆ ಒಂದು ಹಾಳೇಲಿ ನಾಲ್ಕೂ ಲಾಂಛನ ಬರೆದು ಕೊಟ್ಟಿದ್ದೀನಿ, ಡ್ರಾಯರ್ ಒಳಗೆ ಅಂಟಿಸ್ಕೊಂಡಿದ್ದಾರೆ.

ಬಿಲ್ ಕೇಳದೇ ಇದ್ರೆ ಕೊಡಲ್ಲ, ಕೇಳಿದ್ರೆ ಕೊಡ್ತಾರೆ, ಕೇಳಿ ತಗೊಳ್ಳಿ. 100 ವರ್ಷ ದಾಟಿದ ನಾಣ್ಯ ನಮ್ ದೇಶದ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಲೆಕ್ಕಕ್ಕೆ ಬರುತ್ತೆ, ಹಂಗಾಗಿ ಜಾರ್ ಕಾಲದ್ದು ಎಲ್ಲಿಂದ ತಗೊಂಡ್ರಿ ಅನ್ನೋದಕ್ಕೆ ನಿಮ್ಮ ಹತ್ರ ಒಂದು ಕಾಗದ ಇರ್ಲೇಬೇಕು.

ಈ ನಾಣ್ಯಗಳೆಲ್ಲ ತುಮಕೂರಿಗೆ ಹೆಂಗೆ ಬಂದ್ವು ಅಂತ ಕೇಳಿದ್ದೆ. ಬೆಂಗಳೂರಿನ ಎಕ್ಸಿಬಿಷನ್‌ನಲ್ಲಿ ಹೋಲ್‌ಸೇಲಾಗಿ ತಗೊಂಡಿದ್ದು ಅರ್ಧ, ಉಳಿದಿದ್ದು ಮನೆಗಳಿಂದ. ಮಾಸ್ಕೋದಲ್ಲಿ 1960ರಲ್ಲಿ ಶುರುವಾದ ಪೀಪಲ್ಸ್ ಫ್ರೆಂಡ್‌ಶಿಪ್ ಯೂನಿವರ್ಸಿಟಿಗೆ ನಮ್ ದೇಶದಿಂದ ಎಷ್ಟೋ ಹುಡುಗರು ಓದೋಕೆ ಹೋಗಿದ್ರು, ಭಿಲಾಯಿ, ಬೊಕಾರೊ ಉಕ್ಕಿನ ಕಾರ್ಖಾನೆಗಳಲ್ಲಿ ಸೋವಿಯತ್ ಎಂಜಿನಿಯರ್‌ಗಳ ಜೊತೆ ನಮ್ಮೋರು ಕೆಲಸ ಮಾಡಿದ್ರು, ಹಂಗೆ ಹೋಗಿ ಬಂದೋರ ಮನೇಲಿ ಪೆನ್ ಬಾಕ್ಸಲ್ಲಿ, ಬಿಸ್ಕೆಟ್ ಡಬ್ಬೀಲಿ ಒಂದು ಹಿಡಿ ಕೋಪೆಕ್ ಉಳ್ಕೊಂಡಿರುತ್ತೆ, ಮನೆ ಖಾಲಿ ಮಾಡೋವಾಗ ಇಲ್ಲಿಗೆ ಬರುತ್ತೆ ಅಂದ್ರು. ನಿಮ್ಮ ಮನೇಲೂ ಅಂಥ ಡಬ್ಬಿ ಇದ್ರೆ ಮಾರೋ ಮುಂಚೆ ಯಾರು ತಂದಿದ್ದು, ಯಾವ ಊರಿಂದ, ಯಾವ ವರ್ಷ ಅಂತ ಒಂದು ಚೀಟೀಲಿ ಬರೆದು ಜೊತೆಗೆ ಕೊಡಿ, ಯಜಮಾನ್ರು ಆ ಚೀಟಿಗಳನ್ನೂ ನಾಣ್ಯದ ಜೊತೇಲೇ ಇಡ್ತಾರೆ.

ಕೊನೇಲಿ ಒಂದು ಬೇಡಿಕೆ ಇಟ್ಟು ಬಂದಿದ್ದೀನಿ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನೋ ರಷ್ಯನ್ ವ್ಯಾಪಾರಿ ನಮ್ ಬೀದರ್‌ಗೆ ಬಂದು, ಬಹಮನಿ ಸುಲ್ತಾನರ ಕಾಲದ ಊರು, ಸಂತೆ, ಕುದುರೆ ವ್ಯಾಪಾರ ಎಲ್ಲ ನೋಡಿ ಬರೆದಿಟ್ಟಿದ್ದಾನೆ. ಅವನ ಭಾರತ ಪ್ರಯಾಣದ ನೆನಪಿಗೆ ರಷ್ಯಾ 1997ರಲ್ಲಿ 2 ರೂಬಲ್ ಬೆಳ್ಳಿ ನಾಣ್ಯ ಹೊಡೆಸಿದೆ. ಸೋವಿಯತ್ ಅಲ್ಲ, ಆಮೇಲಿನದ್ದು, ಆದ್ರೆ ರಷ್ಯಾ ನಾಣ್ಯ ಕೂಡಿಡೋ ಕನ್ನಡದವರ ಆಲ್ಬಂನಲ್ಲಿ ಅದಕ್ಕೊಂದು ಜಾಗ ಇರ್ಲೇಬೇಕು. ಯಜಮಾನ್ರು ಈ ಕಥೆ ಕೇಳಿ ಬರ್ಕೊಂಡ್ರು, ಮುಂದಿನ ಎಕ್ಸಿಬಿಷನ್‌ನಲ್ಲಿ ಹುಡುಕ್ತೀನಿ ಅಂದಿದ್ದಾರೆ.

ಹೋಗೋರಿಗೆ: ಭಾನುವಾರ ರಜ, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕ್ತಾರೆ, ಬೆಳಗ್ಗೆ ಹತ್ತೂವರೆ ಮೇಲೆ ಹೋದ್ರೆ ಯಜಮಾನ್ರು ಸಿಗ್ತಾರೆ. ಕಾರ್ ತಗೊಂಡು ಆ ರಸ್ತೆಗೆ ಹೋಗ್ಬೇಡಿ, ಗೂಡ್ಸ್ ಆಟೋಗಳ ಮಧ್ಯೆ ಸಿಕ್ಕಾಕೋತೀರ, ಬಸ್ ಸ್ಟಾಂಡ್ ಕಡೆಯಿಂದ ನಡ್ಕೊಂಡೇ ಹೋಗಬಹುದು. ಫೋನ್‌ಪೇ, ಗೂಗಲ್‌ಪೇ ನಡೆಯುತ್ತೆ, ಕಾರ್ಡ್ ನಡೆಯಲ್ಲ. ನಾನು ಹೋದಾಗ 1924ರ ತಾಮ್ರದ 5 ಕೋಪೆಕ್ ಎರಡಿತ್ತು, ಒಂದು ನಾನು ತಗೊಂಡೆ, ಇನ್ನೊಂದರ ಅಂಚಲ್ಲಿ ಒಂದು ಕಡೆ ಪೆಟ್ಟು ಬಿದ್ದಿದೆ ಆದ್ರೆ ಉಜ್ಜಿಲ್ಲ, ಬಣ್ಣ ಚೆನ್ನಾಗಿದೆ, ಬೇಕಾದೋರು ಬೇಗ ಹೋಗಿ, ಪೆಟ್ಟು ತೋರಿಸಿದ್ರೆ 450ಕ್ಕೆ ಕೊಡ್ತಾರೆ.